ಹಳೇ ಮನಿ ಕಾರಕೂನನ ಅಡಗಿಮನಿ ಕಿಡಕಿ

ಮಂದಿ ಮನಿಯೊಳಗ ತಲಿ ಹಾಕೋದ ಯಾರ ನೌಕರಿ ಆಗಿರತೈತೋ, ಅವರು ನಗೆಪಾಟಲಾಗಾಕ ಬ್ಯಾರೆ ಮುಹೂರ್ತ ನೋಡಬೇಕಾಗಿಲ್ಲ. ವಾರಕ್ಕೊಂದರೆ ಪ್ರಸಂಗ ತಾನ ಮನಿ ಹುಡಿಕ್ಕೊಂಡು ಬರತೈತಿ. ಸೋಲಾಪುರದಾಗ ನಾ ಅಂಥಾ ನೌಕರಿ ಮಾಡಿದಾಂವ. ಗೋರಾ ಸಾಹೇಬರ ರಾಜ್ಯ ಅದು, ಓಣಿಯೊಳಗ ಒಂದು ಮೋಟಾರು ಬಂದ್ರ ಮಂದಿ ಕೈಯಾಗಿನ ತುತ್ತು ಬಿಟ್ಟು ಹೊರಗ ಓಡಿಬರೋ ಕಾಲ. ಕಚೇರಿ ಹೆಸರು ಬ್ಯಾಡ ಬಿಡ್ರಿ, ಅದಕ್ಕ ಇನ್ನೂ ಸ್ವಲ್ಪ ಮರ್ಯಾದಿ ಉಳದೈತಿ. ನನ್ನದು ಏನೂ ಉಳದಿಲ್ಲ, ಹಿಂಗಾಗಿ ನನ್ನ ಕಥಿ ಹೇಳಾಕ ಅಡ್ಡಿಯಿಲ್ಲ.

೧. ಕೋಟು ನೋಡಿ ಕೊಟ್ಟ ಹುದ್ದಾ

ಮೊದಲ ನಾ ಗಟಾರದ ಕಾರಕೂನ. ಯಾವ ಓಣಿ ಗಟಾರ ತುಂಬೈತಿ, ಯಾವುದು ಹರಿಯಾಕತ್ತೈತಿ, ನೋಡಿ ಬರಕೊಳ್ಳೋದು. ಒಂದಿನ ಮ್ಯಾಲಿಂದ ಹುಕುಂ ಬಂತು. ಊರಾಗಿನ ಹಳೇ ವಾಡೇ, ಹಳೇ ಮನಿ ಯಾರೂ ತಮ್ಮ ಮನಸಿಗೆ ಬಂದಂಗ ಕೆಡವಬಾರದು, ಬದಲ ಮಾಡಬಾರದು. ಗೋಡಿಗೆ ಒಂದು ಮೊಳಿ ಹೊಡಿಬೇಕಂದ್ರೂ ಕಮಿಟಿ ಪರವಾನಗಿ ಬೇಕು. ಪರವಾನಗಿ ಇಲ್ಲದ ಬದಲ ಮಾಡಿದ್ರ, ಮಾಲಕ ಎಂಟು ದಿನದಾಗ ಸ್ವಂತ ಕೈಯಿಂದ ಮೊದಲಿದ್ದಂಗ ಮಾಡಿ ಕೊಡಬೇಕು.

ಕಮಿಟಿ ಏನೋ ಆತು, ಅದಕ್ಕೊಬ್ಬ ಕಾರಕೂನ ಬೇಕಲ್ಲ. ಹಳೇ ವಸ್ತು ತಿಳಿಯೋ ಮನಶ್ಯಾ ನಿಮ್ಮೊಳಗ ಯಾರದಾನ ಅಂತ ಸಾಹೇಬರು ಕೇಳಿದ್ರು. ನಮ್ಮ ಹೆಡ್ ಕಾರಕೂನರು ನನ್ನ ಕಡೆ ಬಟ್ಟು ತೋರಿಸಿ, "ಇವನ ಕೋಟು ನೋಡ್ರಿ ಸಾಹೇಬ, ಪೇಶವಾಯಿ ಕಾಲದ್ದು. ಇದನ್ನ ಇಷ್ಟು ಜ್ವಾಕಿ ಮಾಡಿದಾಂವ ವಾಡೇ ಜ್ವಾಕಿ ಮಾಡಂಗಿಲ್ಲೇನು?" ಅಂದ್ರು. ಸಾಹೇಬರು ನಕ್ಕರು. ನನ್ನ ಹುದ್ದಾ ಖಾಯಂ ಆತು.

ಮೊದಲನೇ ಕೆಲಸ ಯಾದಿ ಮಾಡೋದು. ಓಣಿ ಓಣಿ ತಿರುಗಿ ಹಳೇ ಮನಿಗಳನ್ನ ರಜಿಸ್ಟರಿನ್ಯಾಗ ಬರದೆ. ಕಡೀ ಹಾಳ್ಯಾಗ ಒಂದು ಸಾಲು ಖಾಲಿ ಉಳೀತು. ಖಾಲಿ ಸಾಲು ಬಿಟ್ಟು ರಜಿಸ್ಟರ್ ಮುಚ್ಚಾಕ ನನಗ ಬರಂಗಿಲ್ಲ. ನಮ್ಮ ಮನೀನ ಬರದುಬಿಟ್ಟೆ. ವಿಶೇಷ ಅನ್ನೋ ಖಾನೆಯೊಳಗ, "ಅಡಗಿಮನಿ ಗೋಡಿ ಅಪರೂಪದ್ದು. ಮೊದಲಿನಿಂದ ಇಂದಿನ ತನಕಾ ಏನೂ ಬದಲಾವಣಿ ಇಲ್ಲ" ಅಂತ ದುಂಡಗ ಅಕ್ಷರ ತೆಗದೆ. ಖರೇ ಹೇಳತೀನಿ, ಅಡಗಿಮನಿಯೊಳಗ ನಾ ಕಾಲಿಟ್ಟು ಎಷ್ಟೋ ವರ್ಷ ಆಗಿದ್ವು. ನಮ್ಮ ಮನಿ ಪದ್ಧತೀನ ಹಂಗ. ಗಂಡಸು ಪಡಸಾಲಿಯೊಳಗ ಕುಂದರತಾನ, ತಾಟು ಬರತೈತಿ, ಉಣತಾನ, ಏಳತಾನ. ತಾಟು ಎಲ್ಲಿಂದ ಬಂತು ಅಂತ ನೋಡಾಕ ಹೋದ್ರ ಅವನ ಗಂಡಸ್ತನಕ್ಕ ಕಮ್ಮಿ.

ನಮ್ಮ ಅವ್ವ ತೀರಿಕೊಂಡ ವರ್ಷದಿಂದ ನನ್ನ ಹೆಂಡತಿ ಅಡಗಿಮನಿ ಕಿಡಕಿ ಮಾತು ಎತ್ತತಿದ್ಲು. ನಾ ಹೂಂ ಹೂಂ ಅಂತಿದ್ದೆ. ಅವತ್ತೂ ತಾಟಿಟ್ಟು, "ಆ ಗೋಡಿಗೆ ಕಿಡಕಿ ಬೇಕ್ರಿ. ಹೊಗಿಗೆ ನನ್ನ ಕಣ್ಣು ಹೋಗಾಕತ್ತಾವು" ಅಂದ್ಲು.

"ಇನ್ನ ಆಗಂಗಿಲ್ಲ. ನಮ್ಮ ಮನಿ ಯಾದಿಯೊಳಗ ಬಂದೈತಿ" ಅಂದೆ, ಎದಿ ಉಬ್ಬಿಸಿ.

"ಯಾದಿಯೊಳಗ ಯಾರು ಹಾಕಿದ್ರು?"

"ನಾನ!"

ಆಕಿ ಗೂಟಕ್ಕ ಹಾಕಿದ್ದ ನನ್ನ ಕೋಟಿನ ಕಡೆ ಬಟ್ಟು ತೋರಿಸಿದ್ಲು. "ಹಂಗಾದ್ರ ನಿಮ್ಮ ಕೋಟೂ ಬರಕೊಳ್ರಿ. ಹಳೇ ವಸ್ತು ಐತಿ, ಇನ್ನ ಮ್ಯಾಲೆ ತೊಳಿಯಾಕ ಬರಂಗಿಲ್ಲ." ಆ ಕೋಟು ಮುಂದ ಒಂದು ತಿಂಗಳ ಹಂಗ ಹಾಕ್ಕೊಂಡು ಅಡ್ಡಾಡೀನಿ.

೨. ಕಂಬದ ಮೆರುಗು

ಜವಳಿ ವ್ಯಾಪಾರಿ ಒಬ್ಬರ ಅರ್ಜಿ ಬಂತು. ಪಡಸಾಲಿಯೊಳಗಿನ ಕಟಿಗಿ ಕಂಬ ಬಟ್ಟಿ ಗಂಟು ಒಯ್ಯುವಾಗ ಅಡ್ಡ ಬರತೈತಿ, ತಗಸತೀನಿ ಅಂತ. ನಾ ಪಾಹಣಿಗೆ ಹೋದೆ. ಅಂದ್ರ, ಕಣ್ಣಿಲೆ ನೋಡಿ ರಿಪೋರ್ಟು ಬರಿಯಾಕ.

ಕಂಬ ಮುಟ್ಟಿ ಮುಟ್ಟಿ ನೋಡಿದೆ. ಕೆಳಗಿಂದ ಮ್ಯಾಲಿನ ತನಕಾ ಸಾದಾ ಕಟಿಗಿ. ಕುಂತವರ ತಲಿಮಟ್ಟದಾಗ ಮಾತ್ರ ಒಂದು ಗೇಣು ಜಾಗಾ ಕರ್ರಗ ಮಿಂಚತಿತ್ತು. ನನ್ನ ಮೈಯಾಗ ಪಂಡಿತ ಹೊಕ್ಕ. "ನೋಡ್ರಿ ಶೇಟಜಿ, ಇದಕ್ಕ ಮೆರುಗು ಅಂತಾರ. ಹಿಂದಿನ ಕಾಲದ ಕುಶಲಿಗರು ಗಿಡದ ರಸಾ ಹಚ್ಚಿ ಮಾಡತಿದ್ರು. ಈಗ ಆ ವಿದ್ಯಾ ಯಾರಿಗೂ ಬರಂಗಿಲ್ಲ" ಅಂತ ಅರ್ಧಾ ತಾಸು ಭಾಷಣ ಹೊಡದೆ. ಹೊಡದು, ರಜಿಸ್ಟರ್ ತೆಗದು, "ಪುರಾತನ ಮೆರುಗು. ಅಳಿಸಬಾರದು" ಅಂತ ಶಾಯಿಲೆ ಬರದೆ.

ಮೂಲ್ಯಾಗ ಕುಂತು ಬತ್ತಿ ಹೊಸಿಯಾಕತ್ತಿದ್ದ ವ್ಯಾಪಾರಿ ತಾಯಿ ಆಗ ಬಾಯಿ ಬಿಟ್ಲು. "ತಮ್ಮಾ, ಅದು ನಮ್ಮ ಯಜಮಾನರ ತಲಿ ಎಣ್ಣಿ. ಊಟಾ ಆದಮ್ಯಾಲೆ ದಿನಾ ಆ ಕಂಬಕ್ಕ ಒರಗಿ ತೂಕಡಸತಿದ್ರು. ಔಡಲೆಣ್ಣಿ ಹಚ್ಚೋರು, ಭಾಳ ಹಚ್ಚೋರು. ಅವರು ಹ್ವಾದ ಮ್ಯಾಲೆ ಈಗ ನನ್ನ ಮಗ ಒರಗತಾನ."

ಬರದ ಸಾಲು ಒರಸಾಕ ಹೋದೆ. ಆದ್ರ ಶಾಯಿ ಒಣಗಿಬಿಟ್ಟಿತ್ತಲ್ಲ. ರಜಿಸ್ಟರಿನ್ಯಾಗ ಒಮ್ಮೆ ಬರದದ್ದು ಹೊಡದು ಹಾಕಾಕ ನಮ್ಮ ಕಮಿಟಿ ಅಧ್ಯಕ್ಷರು ಒಪ್ಪತಿದ್ದಿಲ್ಲ. ಅವರು ಹಳೇ ವಕೀಲರು, ಬರದದ್ದಷ್ಟ ಖರೇ ಅನ್ನೋ ಪೈಕಿ. ಕಂಬ ಕಾಪಾಡಬೇಕು, ಮೆರುಗು ಕಾಪಾಡಬೇಕು ಅಂತ ಹುಕುಂ ಹೊಂಟಿತು. ಹುಕುಂ ಕೈಯಾಗ ಹಿಡಕೊಂಡು ವ್ಯಾಪಾರಿ ಭಾಳ ನಮ್ರ ಆಗಿ ಕೇಳಿದ್ರು, "ಅಲ್ರಿ ಕಾರಕೂನರ, ನಾ ಒಂದಿನ ಒರಗೋದು ತಪ್ಪಿಸಿದ್ರ ದಂಡ ಬೀಳತೈತೇನು?"

ಮನಿಗೆ ಬಂದೆ. ಅಂಗೈ ಇನ್ನೂ ಕರ್ರಗಿತ್ತು. ಏನಿದು ಅಂತ ಹೆಂಡತಿ ಕೇಳಿದ್ಲು, ಹೇಳಿದೆ. "ಕೈ ಕರ್ರಗ ಮಾಡಿಕೊಳ್ಳಾಕ ಅಷ್ಟು ದೂರ ಯಾಕ ಹೋದ್ರಿ, ನಮ್ಮ ಅಡಗಿಮನಿ ಗೋಡಿ ಮುಟ್ಟಿದ್ರ ಆಗತಿತ್ತು" ಅಂದ್ಲು. ನಾ ಹೂಂ ಅಂದೆ.

೩. ಅಕ್ಕಲಕೋಟದ ಹೋಳಗಿ

ಇನ್ನೊಂದು ಅರ್ಜಿ ಬಂತು. ಅಕ್ಕಲಕೋಟದ ಗೌಡರದು. ಹೊಸಾ ಮೋಟಾರು ತಗೊಂಡೀನಿ, ವಾಡೇದ ಅಗಸಿ ಬಾಗಲಾ ಅಗಲ ಮಾಡಸಬೇಕು ಅಂತ. ಮ್ಯಾಲೆ ಅಕ್ಕಲಕೋಟ ಅಂತ ಓದಿದೆ, ಕೆಳಗ ಓದಲಿಲ್ಲ. ಮರುದಿನಾನ ರೈಲು ಹತ್ತಿದೆ. ಸ್ಟೇಶನ್ನಿನಿಂದ ಊರು ಭಾಳ ದೂರ, ಟಾಂಗಾದಾಗ ಕುಂತು ಧೂಳು ಕುಡಕೋತ ಹೋದೆ.

ಗೌಡರು ದೊಡ್ಡ ಮನಶ್ಯಾ. "ಬರ್ರಿ ಬರ್ರಿ, ಸೋಲಾಪುರದಿಂದ ಇಷ್ಟು ಬಿಸಲಾಗ ಬಂದೀರಿ" ಅಂತ ಕೈಹಿಡಿದು ಕರಕೊಂಡು ಹೋದ್ರು. ಅಗಸಿ ಬಾಗಲದಾಗ ನಿಂತು ನಾ ಶುರು ಮಾಡಿದೆ. "ಗೌಡ್ರ, ಈ ಬಾಗಲಾ ಮುಟ್ಟಾಕ ಬರಂಗಿಲ್ಲ. ಈ ಕಲ್ಲು ನೋಡ್ರಿ, ಈ ಕಮಾನು ನೋಡ್ರಿ. ಒಂದು ಚಕ್ಕಿ ಎಬ್ಬಿಸಿದ್ರೂ ಎಂಟು ದಿನದಾಗ ಮೊದಲಿದ್ದಂಗ ಮಾಡಬೇಕಾಗತೈತಿ, ಕಾಯದೆ ಐತಿ!" ಗೌಡರು ಒಂದ ಒಂದು ಮಾತು ಅಡ್ಡ ಆಡಲಿಲ್ಲ. "ಖರೇ ಐತ್ರಿ, ಖರೇ ಐತ್ರಿ. ಮೊದಲ ಊಟಾ ಆಗಲಿ" ಅಂದ್ರು.

ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮ್ಯಾಲೆ ಹೋಳಗಿ. ಬ್ಯಾಡ ಬ್ಯಾಡ ಅಂತ ಐದು ಹೋಳಗಿ ತಿಂದೆ. ಎಲಿಅಡಕಿ ಹಾಕ್ಕೊಳ್ಳುವಾಗ ಗೌಡರು ಮೆಲ್ಲಕ ಅಂದ್ರು, "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಇದು ಅಕ್ಕಲಕೋಟ ಸಂಸ್ಥಾನ. ಇಲ್ಲಿ ನಮ್ಮ ರಾಜರ ಹುಕುಂ ನಡಿತೈತಿ, ನಿಮ್ಮ ಕಮಿಟಿದು ನಡಿಯಂಗಿಲ್ಲ. ನಾ ಅರ್ಜಿ ಕೊಟ್ಟಿದ್ದು ಸೋಲಾಪುರದಾಗಿನ ನಮ್ಮ ವಾಡೇಕ್ಕ."

"ಸೋಲಾಪುರದಾಗ ಅದು ಎಲ್ಲಿ ಬರತೈತ್ರಿ?"

"ನಿಮ್ಮ ಕಚೇರಿ ಹಿಂದಿನ ಗಲ್ಲಿ. ನಿಮ್ಮ ಕಿಡಕಿಯೊಳಗಿಂದ ಕಾಣಸತೈತಿ."

"ಅಲ್ರಿ, ಬಾಗಲದಾಗ ನಿಂತಾಗನ ಹೇಳಬೇಕಿಲ್ಲೇನು?" ಅಂದೆ. "ಉಪಾಶಿ ಬಂದ ಮನಶ್ಯಾಗ ಅದನ್ನ ಹ್ಯಾಂಗ ಹೇಳಲಿ? ನೀವು ಉಣಲಾರದ ಎದ್ದು ಹೋಗತಿದ್ರಿ" ಅಂದ್ರು ಪುಣ್ಯಾತ್ಮರು.

ರೈಲು ತಪ್ಪಿತ್ತು. ಗೌಡರು ಅರ್ಧಾ ಹಾದಿ, ವಳಸಂಗದ ತನಕಾ ತಮ್ಮ ಬಂಡಿ ಕೊಟ್ರು, ಅಲ್ಲಿಂದ ಮುಂದ ಮಂದಿ ಬಂಡಿ ಬೇಡಿಕೊಂಡು ಬಂದೆ. ಹೆಂಡತಿ ಎಲ್ಲಾ ಕೇಳಿಸಿಕೊಂಡು, "ಗೌಡ್ರ ಅಡಗಿಮನಿಗೆ ಕಿಡಕಿ ಇತ್ತೇನು?" ಅಂದ್ಲು.

"ಏ, ಅಡಗಿಮನಿ ನಾ ಯಾಕ ನೋಡಲಿ?"

"ಅದೂ ಖರೇ. ಕಾಯದೆ ಇಲ್ಲದ ಊರಿನ ಬಾಗಲಾ ನೋಡಾಕ ನಿಮಗ ಯಾಳೇ ಐತಿ" ಅಂತ ಒಳಗ ಹೋದ್ಲು.

೪. ನನ್ನ ಮ್ಯಾಲೆ ನನ್ನದ ನೋಟೀಸು

ಎಂಟು ದಿನ ಬಿಟ್ಟು ನನ್ನ ಮೇಜಿನ ಮ್ಯಾಲೆ ಒಂದು ಅರ್ಜಿ ಬಿತ್ತು. "ನನ್ನ ಅಡಗಿಮನಿ ಗೋಡಿಗೆ ಕಿಡಕಿ ಬೇಕು. ಕಮಿಟಿಯವರು ತಾವ ಬಂದು ನೋಡಬೇಕು. ಕಾರಕೂನರನ್ನ ಕಳಸಬಾರದು, ಅವರು ಅಡಗಿಮನಿ ನೋಡಂಗಿಲ್ಲ." ಕೆಳಗ ನನ್ನ ಹೆಂಡತಿ ಹೆಬ್ಬಟ್ಟು. ಕಚೇರಿ ಮುಂದ ಬೇವಿನ ಗಿಡದ ಕೆಳಗ ಕುಂದರೋ ಅರ್ಜಿ ಬರಿಯಾಂವನ ಅಕ್ಷರ. ನಾ ಒಳಗ ಕುಂತಾಗ ಆಕಿ ಹೊರಗ ಕುಂತು ಬರಸಿದ್ಲು!

ಅಧ್ಯಕ್ಷರು ಬರತೀನಿ ಅಂದ್ರು. ಜೋಡಿ ಅದ ಜವಳಿ ವ್ಯಾಪಾರಿ. ಅಷ್ಟೊತ್ತಿಗೆ ಅವರು ಕಮಿಟಿ ಮೆಂಬರ ಆಗಿದ್ರು, ನನ್ನ ಪುಣ್ಯಾ. ಎರಡು ದಿನ ನನಗ ಅನ್ನ ಸೇರಲಿಲ್ಲ. ನಾ ಬರದದ್ದು ಸುಳ್ಳ ಅಂತಾದ್ರ ನೌಕರಿ ಹೋಗತೈತಿ. ಖರೇ ಅಂತಾದ್ರ ಹೆಂಡತಿ ಕಣ್ಣು ಹೋಗತಾವು.

ಅವರು ಬಂದ ದಿನ ಅವರ ಹಿಂದ ನಾನೂ ಅಡಗಿಮನಿಯೊಳಗ ಹೋದೆ. ಹೆಂಡತಿ ಒಲಿ ಮ್ಯಾಲೆ ಚಾ ಇಟ್ಟು, ತಲಿ ಮ್ಯಾಲೆ ಸೆರಗು ಎಳಕೊಂಡು ಬಾಗಲಾ ಹಿಂದ ನಿಂತಿದ್ಲು. ಕುಳ್ಳು ಹಸೀವು. ಅಧ್ಯಕ್ಷರು ಒಂದು ಮಾತಾಡಿದ್ರು, ಎರಡನೇದಕ್ಕ ಕೆಮ್ಮು ಹತ್ತಿತು. ವ್ಯಾಪಾರಿ ಧೋತರದ ಚುಂಗಿಲೆ ಮೂಗು ಮುಚ್ಚಿಕೊಂಡ್ರು. ನನ್ನ ಕಣ್ಣಾಗ ಖಾರಪುಡಿ ಚೆಲ್ಲಿದಂಗಾತು, ಎದುರಿಗಿದ್ದ ಗೋಡಿ ಕಾಣಲಿಲ್ಲ.

"ಅಯ್ಯೋ ತಂಗೀ, ಏನು ಹೊಗಿ ಇವತ್ತ!" ಅಂದ್ರು ಅಧ್ಯಕ್ಷರು.

"ಇವತ್ತ ಅಲ್ರಿ, ದಿನಾ ಹಿಂಗ" ಅಂದ್ಲು ಹೆಂಡತಿ, ಬಾಗಲಾ ಹಿಂದಿಂದ.

ನಾಚಿಕಿ ಆತು ನನಗ. ಇಷ್ಟು ವರ್ಷ ಆಕಿ ತಾಟು ತಂದಿಡುವಾಗ ಕಣ್ಣು ಕೆಂಪಗ ಇರತಿದ್ವು. ಉಳ್ಳಾಗಡ್ಡಿ ಹೆಚ್ಚಿರಬೇಕು ಅಂತ ತಿಳಕೊಂಡು ಉಂಡು ಎದ್ದೀನಿ.

ವ್ಯಾಪಾರಿ ಗೋಡಿ ಮುಟ್ಟಿದ್ರು. ಅಂಗೈ ಕರ್ರಗಾತು. ಅದನ್ನ ನನ್ನ ಮುಖದ ಮುಂದ ಹಿಡದು, "ಇದೂ ಮೆರುಗು ಏನ್ರಿ? ಅಳಿಸಬಾರದೇನು?" ಅಂದ್ರು. ಆಮ್ಯಾಲೆ ಕೈಯಾಗಿನ ಬಡಿಗಿಲೆ ಗೋಡಿಗೆ ಎರಡು ಪೆಟ್ಟು ಹಾಕಿದ್ರು. ಗಿಲಾವಿ ಉದುರಿ ಕಟಿಗಿ ಚೌಕಟ್ಟು ಕಾಣಿಸಿತು.

"ಇಲ್ಲಿ ಮೊದಲ ಕಿಡಕಿ ಇತ್ತೇನು?" ಅಂದ್ರು ಅಧ್ಯಕ್ಷರು.

"ಇತ್ರೀ! ನಾನ ಸಾಕ್ಷಿ!" ಅಂತ ಗೋಡಿ ಒದರಿತು. ನಾವು ಮೂವರೂ ಹಿಂದ ಜಿಗದ್ವಿ. ಗೋಡಿ ಅಲ್ಲ, ಗೋಡಿ ಆಚಿಕಡೆ ಮಗ್ಗಲ ಮನಿ ಹೆಣಮಗಳು. ಕಿವಿ ಹಚ್ಚಿ ನಿಂತಿದ್ಲು.

ಹೆಂಡತಿ ಹೇಳಿದ್ಲು, "ನಾ ತವರೂರು ಕಂದಲಗಾಂವದಿಂದ ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದ ವರ್ಷ ಇತ್ರಿ. ಈ ಕಿಡಕಿಯೊಳಗ ನಿಂತು ಮಗ್ಗಲ ಮನಿ ಅಕ್ಕನ ಜೋಡಿ ಮಾತಾಡತಿದ್ದೆ. ಅವರ ನಾದಿನಿ ಮದವಿ ಸುದ್ದಿ ಭಾಳ ರಂಗಕ್ಕ ಬಂದಿತ್ರಿ, ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು. ಮರುದಿನಾನ ನಮ್ಮತ್ತಿ ಗೌಂಡಿನ್ನ ಕರಸಿ ಕಿಡಕಿ ಮುಚ್ಚಿಸಿದ್ರು. ಹದಿನೆಂಟು ವರ್ಷ ಆತ್ರಿ. ಇವರಿಗೆ ಎಷ್ಟೋ ಸಲ ಹೇಳೀನಿ. ಹೂಂ ಅಂತಾರ, ರಜಿಸ್ಟರ್ ನೋಡತಾರ."

ನಾ ಹುಟ್ಟಿ ಬೆಳೆದ ಮನಿ! ಸಣ್ಣಾಂವ ಇದ್ದಾಗ ಅದ ಕಿಡಕಿಯೊಳಗಿಂದ ಕೈ ಹಾಕಿ ಬೆಲ್ಲಾ ಕದ್ದೀನಿ. ಊರಾಗ ಯಾರ ಮನಿ ಹಂಚು ಸರದ್ರೂ ಹಿಡಿಯೋ ಕಾರಕೂನಗ ತನ್ನ ಮನಿ ಕಿಡಕಿ ಹೋದದ್ದು ಹದಿನೆಂಟು ವರ್ಷ ಗೊತ್ತಿಲ್ಲ.

ಅಧ್ಯಕ್ಷರು ಕಣ್ಣೀರು ಒರಸಿಕೋತ ರಜಿಸ್ಟರ್ ತೆಗಸಿದ್ರು. "'ಮೊದಲಿನಿಂದ ಇಂದಿನ ತನಕಾ ಏನೂ ಬದಲಾವಣಿ ಇಲ್ಲ.' ಇದು ನಿಮ್ಮ ಅಕ್ಷರ?"

"ಹೌದ್ರಿ."

"ಮೊದಲ ಕಿಡಕಿ ಇತ್ತು, ಬದಲಾವಣಿ ಇಲ್ಲ. ಅಂದ್ರ ನೀವು ಬರಿಯುವಾಗನೂ ಕಿಡಕಿ ಇತ್ತು. ಆಮ್ಯಾಲೆ ಪರವಾನಗಿ ಇಲ್ಲದ ಮುಚ್ಚೀರಿ. ಇಲ್ಲಂದ್ರ ನಿಮ್ಮ ರಜಿಸ್ಟರ್ ಸುಳ್ಳ. ಯಾವುದು ಹೇಳ್ರಿ?"

ಹೊಗಿ, ಕೆಮ್ಮು, ನೌಕರಿ, ಎಲ್ಲಾ ಒಮ್ಮೆಲೆ ಕಣ್ಣ ಮುಂದ ಬಂತು. "ಕಿಡಕಿ ಮುಚ್ಚಿದ್ದ ತಪ್ಪಾತ್ರಿ" ಅಂದೆ, ಸತ್ತ ಅವ್ವನ ತಪ್ಪು ನನ್ನ ತಲಿಮ್ಯಾಲೆ ಹೊತಗೊಂಡು.

"ಹಂಗಾದ್ರ ನೋಟೀಸು ತೆಗೀರಿ. ಎಂಟು ದಿನದಾಗ, ಮಾಲಕ ಸ್ವಂತ ಕೈಯಿಂದ, ಮೊದಲಿದ್ದಂಗ" ಅಂದು ಅಧ್ಯಕ್ಷರು ಚಾ ಕುಡಿಯಲಾರದ ಹೊರಗ ಓಡಿದ್ರು.

ನೋಟೀಸು ನಾನ ಬರದೆ. ನನ್ನ ಹೆಸರಿಗೆ ಬರದೆ. ಕಚೇರಿಯಿಂದ ನಾನ ತಗೊಂಡು ಮನಿಗೆ ಬಂದು, ನಾನ ಬಾಗಲಾ ಬಡದು, ಒಳಗ ಹೋಗಿ, ಮುಟ್ಟಿತು ಅಂತ ನಾನ ಸಹಿ ಮಾಡಿದೆ.

ಆಯಿತವಾರ ಕೋಟು ಬಿಚ್ಚಿಟ್ಟು ಹಾರಿ ಹಿಡದೆ. ಸ್ವಂತ ಕೈಯಿಂದ ಅಂದ್ರ ಸ್ವಂತ ಕೈಯಿಂದ, ಕಾಯದೆ ಐತಿ. ಮಧ್ಯಾಹ್ನದ ಹೊತ್ತಿಗೆ ಕಡೀ ಇಟ್ಟಂಗಿ ಆಚಿಕಡೆ ಬಿತ್ತು. ಬೆಳಕು ಒಳಗ ಬಂತು, ಹೊಗಿ ಹೊರಗ ಹೊಂಟಿತು. ಹೆಂಡತಿ ಮುಖಾ ಅಷ್ಟು ಬೆಳಕಿನ್ಯಾಗ ನಾ ನೋಡೇ ಇದ್ದಿಲ್ಲ. ಏನರೆ ಒಂದು ಛಲೋ ಮಾತು ಅಂತಾಳ ಅಂತ ಬೆವರು ಒರಸಿಕೋತ ನಿಂತೆ.

ಅಷ್ಟರಾಗ ಕಿಡಕಿಯೊಳಗ ಮಗ್ಗಲ ಮನಿ ಹೆಣಮಗಳ ಮುಖಾ ಬಂತು. ತಲಿ ಅರ್ಧಾ ಬೆಳ್ಳಗಾಗಿತ್ತು. "ಹಾಂ, ಎಲ್ಲಿಗೆ ಬಂದಿದ್ವಿ? ವರ ಕುದರಿ ಮ್ಯಾಲಿಂದ ಬಿದ್ದಾ ನೋಡು, ಆಮ್ಯಾಲೆ ಏನಾತಂದ್ರ..." ಅಂತ ಶುರು ಮಾಡಿದ್ಲು.

ನನ್ನ ಹೆಂಡತಿ ಚೌಕಟ್ಟಿಗೆ ಮೊಣಕೈ ಊರಿದ್ಲು. ಹಿಂದ ತಿರುಗಿ ನೋಡದ ನನಗ ಅಂದ್ಲು, "ನೀವು ಪಡಸಾಲಿಗೆ ಹೋಗಿ ಕುಂದರ್ರಿ. ಒಲಿ ಮ್ಯಾಲೆ ಹಾಲು ಐತಿ, ಉಕ್ಕಿದ್ರ ಉಕ್ಕಲಿ."