ಮರಗಮ್ಮನ ತೋಳಿಗೆ ಟೀಕಾ

ನನ್ನ ಕಂಡ್ರ ಜನ ಓಡ್ತಿದ್ರು, ಓಡೋರ ಹಿಂದ ನಾ ಓಡ್ತಿದ್ದೆ. ಇಂಥಾ ನೌಕರ್ಯಾಗ ನಗಿ ಬರೂ ಸಂಗತಿ ಆಗದೇ ಇರ್ತಾವೇನು?

ನಿಜಾಮರ ರಾಜ್ಯದ ಕಡೀ ವರ್ಷಗಳವು. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗೋಳು ತಿರುಗಿ ಸಿಡುಬು ಬರಬಾರದಂತ ಟೀಕಾ ಹಾಕೋದು ನನ್ನ ಕೆಲಸ. ಸಣ್ಣ ಚಾಕುಲೆ ತೋಳು ಗೀರೂದು, ಔಷಧ ಹಚ್ಚೂದು, ಎಂಟನೇ ದಿನ ಹೋಗಿ ಗುಳ್ಳಿ ಎದ್ದದೋ ಇಲ್ಲೋ ನೋಡೂದು. ಎದ್ರ ಟೀಕಾ ಹತ್ತ್ಯದ ಅಂತ ಲೆಕ್ಕ, ಏಳದಿದ್ರ ಮತ್ತ ಹಾಕೂದು. ಆ ಬ್ಯಾಸಗಿ ಭೀಮಾ ಹೊಳಿ ಆಚಿ ದಂಡಿಗೆ ಸಿಡುಬು ಎದ್ದಿತ್ತು. ಅದು ದಾಟಿ ಬರೂದ್ರಾಗ ಈಚಿ ದಂಡಿ ಮಕ್ಕಳಿಗೆಲ್ಲಾ ಹಾಕಿ ಮುಗಿಸಬೇಕಿತ್ತು. ನನ್ನ ತಂಗಿ ಅದೇ ಬ್ಯಾನ್ಯಾಗ ಹೋದಾಕಿ. ಹಿಂಗಾಗಿ ಯಾರ ಎಷ್ಟ ಬೈದ್ರೂ ನಾ ಬಿಡ್ತಿರಲಿಲ್ಲ.

ಮೊದ್ಲ ನೀವು

ಯಾವ ಊರಿಗೆ ಹೋದ್ರೂ ಕಟ್ಟಿಮ್ಯಾಲ ಕುಂತ ಹಿರ್‍ಯಾರದು ಒಂದ ಮಾತು. "ಮೊದ್ಲ ನಿಮ್ಮ ತೋಳಿಗೆ ಹಾಕ್ಕೋರಿ, ನೋಡೂನು."

ನಾ ಸಣ್ಣವ ಇದ್ದಾಗೇ ಹಾಕಿಸಿಕೊಂಡವ. ಮತ್ತ ಹಾಕ್ಕೊಂಡ್ರ ಏನೂ ಆಗೂದಿಲ್ಲ, ಗೀರು ಉಳೀತಾವ ಅಷ್ಟ. ಆಯ್ತು ಅಂತ ಅಂಗಿ ತೋಳು ಏರಿಸಿ ಗೀರಿಕೊಂಡೆ. ಮರುದಿನ ಮುಂದಿನ ಊರಾಗ ಹಳೇ ಗೀರು ತೋರಿಸಿದ್ರ, "ಅದು ಆ ಊರಂದ್ರಿ, ನಮ್ಮೂರಾಗ ಹಾಕ್ಕೋರಿ" ಅಂದ್ರು. ಹಿಂಗ ಎಡಗೈ ತುಂಬಿತು. ಬಲಗೈ ಗೀರಾಕ ನನ್ನ ಎಡಗೈ ಬಗ್ಗವಲ್ದು, ಕಡೀಕ ಒಂದೂರಾಗ ತಳವಾರನ ಕೈಯಾಗ ಚಾಕು ಕೊಟ್ಟು ಹಾಕಿಸಿಕೊಂಡೆ. ಅಂವಂದು ಕುರಿ ಕೂದಲ ಕತ್ತರಸೋ ಕೈ, ಭಾಳ ಮನಸಿಟ್ಟು ಗೀರಿದ.

ಮನಿಗೆ ಬಂದು ಅಂಗಿ ಕಳದೆ. ನನ್ನ ಹೆಂಡ್ತಿ ಎರಡೂ ತೋಳು ತಿರುವಿ ತಿರುವಿ ನೋಡಿದ್ಳು.

"ನೀವ ಊರಿಗೆ ಹಾಕಿ ಬಂದೀರೋ, ಊರವ್ರೆಲ್ಲಾ ಕೂಡಿ ನಿಮಗ ಹಾಕಿ ಕಳಿಸ್ಯಾರೋ?"

ಹತ್ತಿ ಕೋಣಿ

ಶಹಾಪುರದಾಗ ಒಬ್ಬ ಹತ್ತಿ ಸಾವಕಾರ ಇದ್ದ. ದೊಡ್ಡ ಮೀಸಿ, ಅದಕ್ಕಿಂತ ದೊಡ್ಡ ದನಿ. ಅಂವ ಕೆಮ್ಮಿದ್ರ ಹಮಾಲ್ರು ನಿಂತಲ್ಲೇ ನಿಲ್ತಿದ್ರು. ನಾ ಹೋಗಿದ್ದೇ ತಡ, "ನಮ್ಮ ಮನ್ಯಾಗ ಯಾರೂ ಅಂಜೂದಿಲ್ಲ" ಅಂತ ಹೇಳಿ ಐದೂ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಒಳಗ ಹೋದ. ಮಕ್ಕಳು ಬಂಗಾರದಂಥಾವು, ಒಂದೂ ಅಳಲಿಲ್ಲ.

ಚೀಲ ಕಟ್ಟಿ ಎದ್ದೆ. ಸಾವಕಾರನ ಹೆಂಡ್ತಿ ತಣ್ಣಗ ಅಂದ್ಳು, "ಇನ್ನೊಬ್ರು ಉಳದಾರ್ರಿ. ಹತ್ತಿ ಕೋಣ್ಯಾಗ."

ಹೋಗಿ ನೋಡಿದ್ರ ಹತ್ತಿ ರಾಶಿ ಮ್ಯಾಲ ಬರೇ ಒಂದ ಮೀಸಿ ಕಾಣಾಕತ್ತಿತ್ತು.

"ಮಾಲು ತಪಾಸ ಮಾಡಾಕತ್ತಿದ್ನಿರಿ" ಅಂತ ಮೀಸಿ ಮಾತಾಡ್ತು.

ಸಣ್ಣ ಮಗಳು ಹೋಗಿ, "ಬಾ ಅಪ್ಪಾ, ನಾ ಕೈ ಹಿಡಕೋತೀನಿ" ಅಂತ ಎಳಕೊಂಡು ಬಂದ್ಳು. ಮೈತುಂಬಾ ಹತ್ತಿ ಮೆತ್ತಿಕೊಂಡು ಕುಂತ, ಕಣ್ಣು ಮುಚ್ಚಿದ, ಹಲ್ಲು ಕಚ್ಚಿದ, ಮನಿದೇವರ ಹೆಸರು ಹಿಡದ. ಭಾಳ ಹೊತ್ತಾದ ಮ್ಯಾಲ ಸಣ್ಣ ದನಿಲೆ ಕೇಳಿದ, "ಮುಗೀತೇನ್ರಿ?"

"ಇಲ್ರಿ ಸಾವಕಾರ್ರ" ಅಂದೆ. "ಇನ್ನಾ ಚೀಲಾನೇ ಬಿಚ್ಚಿಲ್ಲ."

ಮೊದ್ಲ ಅಕಿಗೆ

ಕಡೀಕ ಉಳದದ್ದು ಹೊಳಿ ದಂಡಿ ಮ್ಯಾಲಿನ ಒಂದೇ ಊರು. ಅಲ್ಲಿ ನಿಂತ್ರ ಸಿಡುಬು ಬಂದ ಆಚಿ ಊರಿನ ಹೊಗಿ ಕಾಣ್ತಿತ್ತು. ಅಲ್ಲಿಯ ಹೆಣ್ಮಕ್ಕಳು ಸೂಲಗಿತ್ತಿ ಆಯಿ ಹೂಂ ಅನ್ನದ ಹೊರತು ಕೂಸಿನ ಕುಲಾಯಿ ಸುದ್ದಾ ಬದಲಸೋರಲ್ಲ. ಆಯಿಗೂ ಸಣ್ಣಾಕಿ ಇದ್ದಾಗ ಸಿಡುಬು ಬಂದು ಮುಖದ ತುಂಬಾ ಕುಳಿ ಬಿದ್ದಿದ್ದವು.

ನಾ ಎಲ್ಲಾ ತಿಳಿಸಿ ಹೇಳಿದೆ. ಒದ್ದಿ ಅರಿವಿ ಸುತ್ತಿದ ಗಡಿಗ್ಯಾಗ ಔಷಧ ಇತ್ತು, ಬಿಸಲೇರಿದ್ರ ಕೆಡ್ತಿತ್ತು. ಆಯಿ ಸಾವಕಾಶ ಎಲಿಅಡಿಕಿ ಅಗಿದ್ಳು.

"ಹಾಕು, ಬ್ಯಾಡನ್ನೂದಿಲ್ಲ. ಆದ್ರ ನಮ್ಮೂರಾಗ ಹೊಸಾ ಜ್ವಾಳದ ತೆನಿ ಬರಲಿ, ಈದ ಎಮ್ಮಿ ಹಾಲು ಬರಲಿ, ಮೊದ್ಲ ಊರದೇವಿ ಮರಗಮ್ಮಗ. ಇದೂ ಹೊಸಾದ. ಮೊದ್ಲ ಅಕಿಗೆ ಹಾಕು."

"ಆಯಿ, ಅಕಿ ಕಲ್ಲು" ಅನ್ನೂದು ನಾಲಿಗಿ ತುದಿಗೆ ಬಂತು, ನುಂಗಿದೆ. ಗುಡಿಗೆ ಹೋಗಿ ಕೈಮುಗದು ದೇವಿ ತೋಳಿಗೆ ನಾಕು ಗೀರು ಎಳದು ಔಷಧ ಹಚ್ಚಿದೆ. ಆಯಿ ಮ್ಯಾಲ ಅರಿಶಿಣ ಬಳದ್ಳು. ಹೊರಗ ಬರೂದ್ರಾಗ ಇಡೀ ಊರಿನ ಮಕ್ಕಳು ತೋಳು ಮುಂದ ಮಾಡಿ ನಿಂತಿದ್ದವು.

ಪೇಚಾಟ ಬಂದದ್ದು ಹೆಸರು ಬರಿಯೋ ದಫ್ತರದಾಗ. ಖರ್ಚಾದ ಔಷಧಕ್ಕ ತಕ್ಕಷ್ಟು ಹೆಸರು ಬೇಕು. ಒಂದ ಹೆಸರು ಕಡಿಮಿ ಬೀಳ್ತಿತ್ತು. ಬರದೆ: ಮರಗಮ್ಮ. ತಂದಿ ಹೆಸರು, ವಯಸ್ಸು ಖಾಲಿ ಬಿಟ್ಟೆ.

ಎಂಟನೇ ದಿನ ತಪಾಸಣಿಗೆ ನನ್ನ ಮ್ಯಾಲಿನ ಸಾಹೇಬ್ರು ನನ್ನ ಜೋಡಿ ಬಂದ್ರು. ಸುಳ್ಳ ಹೆಸರು ಬರದವನ್ನ ನಿಂತಲ್ಲೇ ಮನಿಗೆ ಕಳಿಸೋ ಮನಿಶ್ಯಾ. ಎಲ್ಲಾ ಮಕ್ಕಳ ತೋಳು ನೋಡಿ ಹಿಗ್ಗಿದ್ರು, ಆಮ್ಯಾಲ ಬೆರಳು ಒಂದ ಹೆಸರಿನ ಮ್ಯಾಲ ನಿಂತಿತು.

"ಈ ಮರಗಮ್ಮ ಬೀಬಿ ಎಲ್ಲಿ?"

ನಾ ಬಾಯಿ ತೆಗಿಯೂದ್ರಾಗ ಆಯಿನೇ ಅಂದ್ಳು, "ಅಕಿ ಹೊರಗ ಬರೂದಿಲ್ರಿ."

ಸಾಹೇಬ್ರು ಮರ್ಯಾದಿಲೆ ತಲಿ ಆಡಿಸಿದ್ರು. "ಪರದಾ ಏನು? ನಮ್ಮ ಮನ್ಯಾಗೂ ಹಂಗ ಅದ. ನಾ ಬಾಗಿಲಾಗ ನಿಲ್ತೀನಿ, ತೋಳಷ್ಟ ತೋರಿಸಲಿ."

ಆಯಿ ಮುಂದ, ಸಾಹೇಬ್ರು ಹಿಂದ, ಎಲ್ಲಾರ ಹಿಂದ ನನ್ನ ನೌಕರಿ. ಗುಡಿ ಅಂದ್ರ ಸಣ್ಣ ಗೂಡು, ಮುಂದ ಕೆಂಪ ಪರದೆ. ಅದನ್ನ ಕಂಡು ಸಾಹೇಬ್ರು ಬೂಟು ಕಳದು, ಮುಖ ಆಚಿ ತಿರುಗಿಸಿ, ಕಣ್ಣು ಕೆಳಗ ಮಾಡಿ ನಿಂತು, "ತಕಲೀಫ್ ಮಾಫ್ ಮಾಡ್ರಿ ಬೀಬಿ" ಅಂದ್ರು. ಆಯಿ ಪರದೆ ಸರಿಸಿದ್ಳು. ಸಾಹೇಬ್ರು ತಿರುಗಿದ್ರು. ಕುಂಕುಮ, ಬೇವಿನ ಎಲಿ, ತೋಳಮ್ಯಾಲ ಅರಿಶಿಣ, ಅದರ ಕೆಳಗ ನನ್ನ ನಾಕು ಗೀರು. ಸಾಹೇಬ್ರು ಬಗ್ಗಿ ಗೀರು ಒಂದೊಂದಾಗಿ ಎಣಿಸಿದ್ರು.

"ಊರಾಗ ಟೀಕಾ ಹಾಕದ ಮಕ್ಕಳು ಎಷ್ಟು ಉಳದಾವ?"

"ಒಂದೂ ಇಲ್ರಿ" ಅಂದೆ.

ಅಲ್ಲೇ ಕುಕ್ಕರಗಾಲಿಲೆ ಕುಂತು ದಫ್ತರದಾಗ ಬರದ್ರು: "ಮರಗಮ್ಮ. ತೋಳು ನೋಡಿದೆ. ಗುಳ್ಳಿ ಎದ್ದಿಲ್ಲ."

ಆ ತಿಂಗಳೇ ಸಿಡುಬು ಹೊಳಿ ದಾಟಿ ಬಂತು. ಈ ಊರಾಗ ಒಂದ ಕೂಸಿನ ಮೈಮ್ಯಾಲೂ ಏಳಲಿಲ್ಲ. ಸುದ್ದಿ ಕೇಳಿದ ದಿನ ನಾ ಒಬ್ಬನೇ ಕುಂತು ಅತ್ತೆ, ತಂಗಿ ನೆನಪಾತು.

ಮುಂದಿನ ವರ್ಷ ಹೋದಾಗ ಕರಿಯೂದೇ ಬೇಕಾಗಲಿಲ್ಲ. ಹೊಸಾ ಕೂಸುಗಳನ್ನ ಎತ್ತಿಕೊಂಡು ತಾಯಂದಿರು ಗುಡಿ ಮುಂದ ಸಾಲು ಹಚ್ಚಿದ್ರು. ಮೊದಲನೇ ಕೂಸಿನ ತೋಳು ಹಿಡದೆ. ಆಯಿ ನನ್ನ ಕೈ ತಡದ್ಳು.

"ತಡಿಯೋ ತಮ್ಮಾ, ಮೊದ್ಲ ಅಕಿಗೆ ಹಾಕು. ಹೋದ ವರ್ಷ ಅಕಿಗೆ ಎದ್ದಿಲ್ಲಂತ ಸಾಹೇಬ್ರೇ ಬರದ ಹೋಗ್ಯಾರ."