ತೌಡಿಗೆ ಕೊಂಡ ಮಗ

ಒಬ್ಬರ ನಂಬಿಕೆಯನ್ನು ಒಪ್ಪದೆಯೂ ಅವರನ್ನು ಗೌರವಿಸುವುದು ನನಗೆ ಬಲು ಸಲೀಸು ಎಂದುಕೊಂಡಿದ್ದೆ. ಅವರು ಬೇರೆ ಮನೆಯವರಾಗಿದ್ದರೆ ಈಗಲೂ ಸಲೀಸೇ. ಆದೋನಿಯ ಶಾಲೆಯಲ್ಲಿ ಗ್ರಹಣದ ಪಾಠ ಮಾಡುವಾಗ, "ರಾಹುವೂ ಇಲ್ಲ, ಕೇತುವೂ ಇಲ್ಲ, ಹಾಗಂತ ನಿಮ್ಮ ಅಜ್ಜಿಯನ್ನು ನೋಡಿ ನಗಬೇಡಿ" ಎಂದು ಹುಡುಗರಿಗೆ ಹೇಳಿ, ನನ್ನ ದೊಡ್ಡತನಕ್ಕೆ ನಾನೇ ತಲೆದೂಗುತ್ತಿದ್ದೆ. ಮನೆಯೊಳಗೆ ಈ ದೊಡ್ಡತನ ನಡೆಯಲಿಲ್ಲ. ನಮ್ಮ ಮೊದಲ ಎರಡು ಕೂಸುಗಳೂ ತೊಟ್ಟಿಲಲ್ಲೇ ಹೋಗಿದ್ದವು. ಎರಡನ್ನೂ ನಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದೆ. ಮೂರನೆಯದು ಹುಟ್ಟಿದಾಗ ಯಾರ ಮುಖದಲ್ಲೂ ನಗುವಿಲ್ಲ. ಹಂಚಲೆಂದು ತಂದ ಸಕ್ಕರೆಯನ್ನು ಚಹಾಕ್ಕೆ ಹಾಕಿಕೊಂಡು ನಾನೇ ಕುಡಿದು ಮುಗಿಸಿದೆ.

ನಂದವರಂನಿಂದ ಬಂದ ನಮ್ಮತ್ತೆ ಅಪ್ಪಣೆ ಕೊಟ್ಟರು: "ಈ ಕೂಸನ್ನ ತಿಪ್ಪಿಮ್ಯಾಲೆ ಹಾಕಬೇಕು. ಬ್ಯಾರೆ ಮನಿಯಾಕಿ ಎತ್ತಿಕೊಬೇಕು. ಆಕಿಗೆ ತೌಡು ಕೊಟ್ಟು ನೀವು ಕೊಂಡುಕೊಬೇಕು. ಆಮ್ಯಾಲೆ ನಿಮ್ಮ ಮನ್ಯಾಗ ಬೆಳದ್ರೂ ಲೆಕ್ಕಕ್ಕ ಅದು ಆಕಿ ಕೂಸು. ಜವರಾಯ ಬಂದರೂ ಈ ಮನ್ಯಾಗ ಅವನಿಗೇನೂ ಸಿಗಂಗಿಲ್ಲ." ಇಷ್ಟು ಸುಲಭಕ್ಕೆ ಮೋಸ ಹೋಗುವವರು ನಮ್ಮ ಶಾಲೆಯ ಇನ್‌ಸ್ಪೆಕ್ಟರು ಮಾತ್ರ ಎಂದು ನಾನು ತಿಳಿದಿದ್ದೆ! ಆದರೂ ತಿಪ್ಪೆಗೆ ಬರಲು ಒಪ್ಪಿದೆ, ತೌಡಿಗೂ ಒಪ್ಪಿದೆ. ಅಲ್ಲಿ ತಂದೆಯಾದವನು "ಇದು ನಂದಲ್ಲ" ಅನ್ನಬೇಕಂತೆ. ಸುಳ್ಳು ಮಾತ್ರ ಹೇಳಲಾರೆ ಎಂದುಬಿಟ್ಟೆ. ನನ್ನ ಹೆಂಡತಿ ಗಂಗಮ್ಮ ಜಗಳಕ್ಕೆ ಬರಲಿಲ್ಲ. ಬಾಣಂತಿ, ಗೋಡೆಗೊರಗಿ ಕೂತಿದ್ದಳು. "ನಿಮ್ಮ ಸತ್ಯ ಇಟ್ಕೊಂಡು ನಾನೇನ್ ಮಾಡ್ಲಿ? ನನಗ ಕೂಸು ಬೇಕ್ರಿ" ಅಂದಳು.

ಕೂಸನ್ನು ಎತ್ತಿಕೊಳ್ಳಲು ಪಕ್ಕದ ಮನೆಯ ಖಾಜಾಬಿ ಬರುತ್ತಾಳೆಂದು ಕೇಳಿ ನನಗೆ ಜೀವ ಬಂತು. ಐದು ಹೊತ್ತೂ ನಮಾಜು ಮಾಡುವ ಹೆಂಗಸು, ನನ್ನ ಪಕ್ಷಕ್ಕೇ ನಿಲ್ಲುತ್ತಾಳೆ ಅಂದುಕೊಂಡು, "ನೀನಾದರೂ ಇದನ್ನೆಲ್ಲ ನಂಬುತ್ತೀಯೇನಮ್ಮ?" ಎಂದು ಕೇಳಿದೆ.

"ತೋಬಾ ತೋಬಾ! ನಮ್ಮಾಗ ಇದೆಲ್ಲ ಇಲ್ರಿ ಮಾಸ್ತರ್ರೆ. ಆಯುಷ್ಯ ಅಲ್ಲಾ ಕೊಡೋದು, ತೌಡಿಗೆ ಬರಂಗಿಲ್ಲ," ಅಂದಳು. ಆಮೇಲೆ ದನಿ ತಗ್ಗಿಸಿ, "ಆದ್ರ ನಿಮ್ಮ ಹೆಂಡ್ತಿ ಅಳೋದು ಗ್ವಾಡಿ ಆಚಿಗೆ ನನಗ ಕೇಳಸ್ತೈತಿ. ನಿಮಗ ಕೇಳಸಂಗಿಲ್ಲೇನು?" ಎಂದಳು.

ಬೆಳಿಗ್ಗೆ ಎಳೆಬಿಸಿಲಲ್ಲಿ ಅತ್ತೆ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ಖಾಜಾಬಿ ಬಿಸ್ಮಿಲ್ಲಾ ಅಂದು ಎತ್ತಿಕೊಂಡಳು. ತನ್ನ ಸೆರಗಿನಿಂದಲೇ ಅದರ ಕಾಲಿನ ಬೂದಿ ಒರೆಸಿದಳು. "ಯಾರ ಕೂಸ್ರಿ ಇದು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಗಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮಣ್ಣಿಗಿಟ್ಟು ಬಂದ ಆ ಎರಡು ಮುಖಗಳು ಕಣ್ಣ ಮುಂದೆ ಬಂದವು. "ನಂದಲ್ಲ!" ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಕೂಸು ಬೆಚ್ಚಿ ಅತ್ತಿತು. "ಅಬ್ಬಾ, ನಾನೇ ನಂಬಿಬಿಟ್ಟೆ ನೋಡ್ರಿ," ಅಂದರು ನಮ್ಮತ್ತೆ. ಒಂದು ಸೇರು ತೌಡು ಕೊಟ್ಟು ಖಾಜಾಬಿಯಿಂದ ಕೂಸನ್ನು ಕೊಂಡುಕೊಂಡೆ.

ತಿಪ್ಪೆಯಿಂದ ಬಂದವನೆಂದು ತಿಪ್ಪಣ್ಣ ಎಂದೇ ಹೆಸರಿಟ್ಟ ಆ ಮಗ ಈಗ ಓಣಿಯಲ್ಲಿ ಗೋಲಿ ಆಡುವಷ್ಟಾಗಿದ್ದಾನೆ. ನಾನು ಇವತ್ತಿಗೂ ಇದನ್ನೆಲ್ಲ ನಂಬುವವನಲ್ಲ. ಯಾರಾದರೂ "ನಿಮ್ಮ ಮಗನೇನ್ರಿ?" ಎಂದು ಕೇಳಿದರೆ, "ಅಲ್ಲ, ಖಾಜಾಬಿ ಮಗ" ಅನ್ನುತ್ತೇನೆ. ಹೆಂಡತಿಯ ನಂಬಿಕೆಗೆ ಅಷ್ಟಾದರೂ ಗೌರವ ಕೊಡಬೇಕಲ್ಲ! ಅವಳು ತವರಿಗೆ ಹೋಗಿರುವಾಗಲೂ ಹಾಗೇ ಅನ್ನುತ್ತೇನೆ.