ಬುದಿಮಿರನ ಗಂಟಲು, ಸಾಹೇಬರ ದನಿ

ಸುಟ್ಟ ಮೆಣಸಿನಕಾಯಿಯ ಕರಿ ಸಿಪ್ಪೆ ಬಿಡಿಸುವುದು ನೋಡುವವರಿಗೆ ಸುಲಭ. ಬಿಡಿಸಿದವರಿಗೆ ಗೊತ್ತು. ಹತ್ತು ಕಾಯಿ ಆಗುವಷ್ಟರಲ್ಲಿ ರಸ ಮೊಣಕೈವರೆಗೆ ಇಳಿದಿರುತ್ತದೆ, ಮೂಗು ತುರಿಸತೊಡಗುತ್ತದೆ, ತುರಿಸಿಕೊಳ್ಳಲು ಒಂದು ಒಣ ಬೆರಳೂ ಉಳಿದಿರುವುದಿಲ್ಲ. ಬುದಿಮಿರ್ ಎರಡನೆಯ ಬುಟ್ಟಿಯ ನಡುವೆ ಈ ಸ್ಥಿತಿಯಲ್ಲಿದ್ದಾಗ ಅವನ ಅಂಗಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ಸೆಪ್ಟೆಂಬರಿನ ಆ ವಾರ ಸೆರ್ಬಿಯಾದ ಲೆಸ್ಕೊವಾತ್ಸ್ ಊರಿನ ಅಂಗಳಗಳಲ್ಲೆಲ್ಲ ಹೊಗೆ. ಚಳಿಗಾಲಕ್ಕೆ ಐವಾರ್ ಎಂಬ ಮೆಣಸಿನಕಾಯಿ ಗೊಜ್ಜು ಕಾಯಿಸಿ ಜಾಡಿಗೆ ತುಂಬದ ಮನೆಯನ್ನು ಆ ಊರಿನಲ್ಲಿ ಯಾರೂ ಮನೆ ಎನ್ನುವುದಿಲ್ಲ. ಬುದಿಮಿರನ ಅತ್ತೆ ಸ್ತಾಮೆನಾ ನಲವತ್ತು ಕಿಲೋ ಕೆಂಪು ದೊಣ್ಣೆಮೆಣಸಿನಕಾಯಿ ತಂದು ತಮ್ಮ ವಸತಿ ಕಟ್ಟಡದ ಅಂಗಳದಲ್ಲಿ ಸುರಿದಿದ್ದಳು. ಹಣ್ಣಾದ ಕಾಯಿ ಭಾನುವಾರದವರೆಗೆ ಕಾಯುವುದಿಲ್ಲ ಎಂದು ಅಳಿಯನಿಗೆ ಹೇಳಿಯೂ ಇದ್ದಳು. ಹಾಗಾಗಿ ಅವನು ಬೆಳಗ್ಗೆ ಆರಕ್ಕೇ ಎದ್ದು, ಗಂಟಲು ಕೆಟ್ಟಿದೆ, ದನಿ ಹೊರಡುತ್ತಿಲ್ಲ ಎಂದು ಚಿಲಕದ ಕಾರ್ಖಾನೆಯ ಸಾಹೇಬರಿಗೆ ಮೆಸೇಜು ಕಳಿಸಿದ್ದ. ಕಳಿಸುವ ಮುನ್ನ ಎರಡು ಸಲ ಅಳಿಸಿ ಬರೆದಿದ್ದ. ಹೋದ ವರ್ಷ ಮೆಣಸಿನಕಾಯಿ ಕಾಲದಲ್ಲಿ ಕಾರ್ಖಾನೆಯ ಅರ್ಧ ಜನಕ್ಕೆ ಒಂದೇ ದಿನ ಬೆನ್ನು ಹಿಡಿದುಕೊಂಡಿತ್ತು. ಅವರಲ್ಲೊಬ್ಬ ಬೆನ್ನುನೋವಿನವನು ಸಂತೆಯಲ್ಲಿ ಎರಡು ಮೂಟೆ ಹೊತ್ತು ನಡೆಯುತ್ತಿದ್ದಾಗ ಸಾಹೇಬರ ಕಣ್ಣಿಗೆ ಬಿದ್ದು, ಮರುದಿನವೇ ಕೆಲಸ ಕಳೆದುಕೊಂಡು ಮನೆಗೆ ಹೋದ. ಈ ವರ್ಷ ಸುಳ್ಳು ರಜೆ ಸಿಕ್ಕಿಬಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ ಎಂದು ಗೋಡೆಗೆ ಕಾಗದ ಅಂಟಿಸಿದ್ದರು.

ಪಕ್ಕದ ಬೋಗುಣಿಯ ಮುಂದೆ ಕುಳಿತಿದ್ದ ನೆರೆಮನೆಯ ದೆಸಾಂಕಾ ಚಿಕ್ಕಮ್ಮ ಇನ್ನೂ ಕೈ ಹೊಲಸು ಮಾಡಿಕೊಂಡಿರಲಿಲ್ಲ. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಜೇಬಿನಿಂದ ಫೋನ್ ತೆಗೆದು, ಒತ್ತಿ, ಅವನ ಕಿವಿಗೆ ಹಿಡಿದಳು. ಮಗುವಿಗೆ ಔಷಧಿ ಕುಡಿಸುವಂತೆ ಹಿಡಿದಳು.

"ಬುದಿಮಿರ್, ನಿಮ್ಮ ಮೆಸೇಜು ನೋಡ್ದೆ."

ಸಾಹೇಬರ ದನಿ ಬಂದದ್ದು ಅವನ ಕಿವಿಗೆ ಮಾತ್ರವಲ್ಲ. ಅಂಗಳದ ಆರು ಒಲೆಗಳನ್ನೂ ದಾಟಿ ನಾಲ್ಕನೆಯ ಮಹಡಿಯ ಕಿಟಕಿ ಮುಟ್ಟಿತು. ಫೋನಿನ ಪಕ್ಕದ, ದನಿ ಏರಿಸುವ ಗುಂಡಿಯೊಳಗೆ ಮೆಣಸಿನಕಾಯಿ ರಸ ಇಳಿದಿತ್ತು. ಬುದಿಮಿರ್ ಮೂಗಿನ ತುದಿಯಿಂದ ಪರದೆಯ ಮೇಲಿನ ದನಿಯ ಗೆರೆಯನ್ನು ಕೆಳಗೆ ತಳ್ಳಿದ. ಗೆರೆ ಇಳಿದು, ಒಂದು ಉಸಿರು ನಿಂತು, ತಾನೇ ತಾನಾಗಿ ಮತ್ತೆ ತುತ್ತತುದಿಗೆ ಏರಿತು. ಇನ್ನೊಮ್ಮೆ ತಳ್ಳಿದ. ಇನ್ನೊಮ್ಮೆ ಏರಿತು.

"ನೀವು ಜಾಸ್ತಿ ಮಾತಾಡ್ಬೇಡಿ. ಇಷ್ಟು ಹೇಳಿ ಸಾಕು. ಇದು ಹರಡೋ ಜಾತಿಯ ಗಂಟಲುನೋವಾ?"

ಅಂಗಳದಲ್ಲಿ ಚಾಕುಗಳೆಲ್ಲ ನಿಂತವು. ಹರಡುವ ಜಾತಿಯಾದರೆ ಸಾಹೇಬರು ನೋಡಲು ಬರುವುದಿಲ್ಲ. ಭಯಗೊಂಡ ಬುದಿಮಿರನಿಗೆ ಹೊಳೆದದ್ದು ಅದೊಂದೇ.

"ಹರಡುತ್ತೆ ಸಾಹೇಬ್ರೇ," ಎಂದು ಗೊಗ್ಗರು ದನಿಯಲ್ಲಿ ಹೇಳಿದ.

ಸಂಜೆ ಆರರೊಳಗೆ ವೈದ್ಯರ ಚೀಟಿ ಕಳಿಸಿ, ಇಲ್ಲದಿದ್ದರೆ ಗೋಡೆಯ ಕಾಗದ ನೆನಪಿರಲಿ ಎಂದು ಸಾಹೇಬರು ಅಂಗಳಕ್ಕೆಲ್ಲ ಕೇಳುವಂತೆ ಹೇಳಿ ಫೋನ್ ಇಟ್ಟರು. ದೆಸಾಂಕಾ ಚಿಕ್ಕಮ್ಮ ಫೋನನ್ನು ಬೆಂಕಿ ಕೆಂಡದಂತೆ ಅವನ ಜೇಬಿಗೆ ಹಾಕಿ ಮೂರು ಹೆಜ್ಜೆ ಹಿಂದೆ ಸರಿದಳು. ನೆರೆಯವರು ತಮ್ಮ ತಮ್ಮ ಬೋಗುಣಿಗಳನ್ನು ಗೋಡೆಯ ಕಡೆಗೆ ಎಳೆದುಕೊಂಡರು.

ಬುದಿಮಿರ್ ಅತ್ತೆಯ ಹತ್ತಿರ ಬಗ್ಗಿ, ನೆರೆಯವರಿಗೆ ನಿಜ ಹೇಳಿಬಿಡಲೇ ಎಂದು ಕೇಳಿದ. ಸ್ತಾಮೆನಾ ಮೆಣಸಿನಕಾಯಿಯ ಹೊಟ್ಟೆ ಸೀಳುತ್ತಲೇ ಉತ್ತರಿಸಿದಳು.

"ಹೇಳಪ್ಪಾ. ದೆಸಾಂಕಾಳ ಅಳಿಯ ನಿಮ್ಮ ಸಾಹೇಬರ ಪಕ್ಕದ ಮೇಜಿನಲ್ಲೇ ಕೂರೋದು. ಈ ರಾತ್ರಿ ಅವನ ಕಿವಿಗೆ ಹೋಗುತ್ತೆ. ನಾಳೆ ನಿನ್ನ ಕೆಲಸ ಹೋಗುತ್ತೆ. ನಾಳಿದ್ದರಿಂದ ದಿನವಿಡೀ ನೀನು ನನ್ನ ಜೊತೆ ಮನೇಲಿರ್ತೀಯ."

ಬುದಿಮಿರನಿಗೆ ಮೊದಲ ಎರಡಕ್ಕಿಂತ ಮೂರನೆಯದೇ ಹೆಚ್ಚು ನಡುಕ ತಂದಿತು. ಅವನು ಕೆಮ್ಮತೊಡಗಿದ.

ಆರು ವರ್ಷದ ಮಗಳು ನೆವೆನಾ ಬಂದು ಅವನ ತೋಳು ಎಳೆದು ಏನೋ ಕೇಳಲು ಬಾಯಿ ತೆರೆದಳು. ಅವಳನ್ನು ಯಾರೋ ಹಿಂದಕ್ಕೆಳೆದು, ಅಪ್ಪನ ಹತ್ತಿರ ಹೋಗಬಾರದು ಎಂದರು.

ಮುಂದಿನದನ್ನು ನೆರೆಯವರು ವಹಿಸಿಕೊಂಡರು. ಅವನನ್ನು ಮಹಡಿ ಹತ್ತಿಸಿ ಹಾಸಿಗೆಗೆ ಹಾಕಿ, ರಾಕಿಯಾ ಎಂಬ ಹಣ್ಣಿನ ಸಾರಾಯಿಯಲ್ಲಿ ನೆನೆಸಿದ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿ, ಕಾಲಿಗೆ ಉಣ್ಣೆಯ ಚೀಲ ತೊಡಿಸಿದರು. ಎದುರುಬದುರು ಕಿಟಕಿ ತೆರೆದಿಟ್ಟು ಮಲಗಿದ್ದರಿಂದಲೇ ಗಾಳಿ ಬಡಿದು ಹೀಗಾಗಿದೆ ಎಂದು ಒಮ್ಮತವಾಯಿತು. ಕಿಟಕಿಗಳನ್ನೆಲ್ಲ ಮುಚ್ಚಿದರು. ಕೆಳಗಿನ ಆರು ಒಲೆಗಳ ಬಿಸಿಯೆಲ್ಲ ಆ ಕೋಣೆಯಲ್ಲಿ ಬಂದು ಕೂತಿತು. ಬುದಿಮಿರ್ ಹೊದಿಕೆಯೊಳಗೆ ಮಡಕೆಯಲ್ಲಿಟ್ಟ ಎಲೆಕೋಸಿನಂತೆ ಬೇಯುತ್ತಾ ಮಲಗಿದ. ಅಂಗಳದಲ್ಲಿ, ಅವನು ಮುಟ್ಟಿದ ಮೆಣಸಿನಕಾಯಿಯನ್ನು ಇನ್ನೂ ಎರಡು ಗಂಟೆ ಹೆಚ್ಚಿಗೆ ಕುದಿಸಬೇಕೆಂದು ದೆಸಾಂಕಾ ತೀರ್ಪು ಕೊಟ್ಟಳು. ಸ್ತಾಮೆನಾಳ ಕೆಂಪು ಐವಾರ್ ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುತ್ತಿರುವುದು ಅವನಿಗೆ ಕಾಣುತ್ತಿರಲಿಲ್ಲ. ಆದರೆ ಅವಳು ಸೌಟು ಬಡಿಯುವ ಸದ್ದಿನಲ್ಲಿ ಕೇಳುತ್ತಿತ್ತು.

ಮಧ್ಯಾಹ್ನ ಮತ್ತೆ ಫೋನ್ ಬಂತು. ಬೇಕರಿಯ ಕೆಲಸದಲ್ಲಿದ್ದ ಹೆಂಡತಿ ಗೋರ್ದಾನಾ. ಬುದಿಮಿರ್ ಫೋನಿನ ಜೊತೆ ಹೊದಿಕೆಯ ತಳಕ್ಕೆ ಇಳಿದು, ಮೇಲೆ ದಿಂಬು ಎಳೆದುಕೊಂಡು, ಗೆರೆಯನ್ನು ಬೆರಳಿನಿಂದ ಒತ್ತಿ ಹಿಡಿದೇ ಮಾತಿಗೆ ತೊಡಗಿದ. ಬೆರಳು ಬೆವರಿಗೆ ಜಾರಿತು.

"ಸಾಹೇಬ್ರಿಗೆ ಏನಾದ್ರೂ ಗೊತ್ತಾಯ್ತಾ?" ಎಂದು ಹೊದಿಕೆ ಗೋರ್ದಾನಾಳ ದನಿಯಲ್ಲಿ ಕೂಗಿತು.

ಬಾಗಿಲಲ್ಲಿ ಸಾರಿನ ಬಟ್ಟಲು ಹಿಡಿದು ದೆಸಾಂಕಾ ನಿಂತಿದ್ದಳು. ಬುದಿಮಿರ್ ಕರೆ ಕತ್ತರಿಸಿ, ಬೆವರು ಸುರಿಯುವ ತಲೆಯನ್ನು ಹೊರಗೆ ಹಾಕಿದ.

"ಏನು ಗೊತ್ತಾಗ್ಬೇಕು?" ಎಂದು ಅವಳು ಕೇಳಿದಳು.

"ಕಾಯಿಲೆ ಎಷ್ಟು ಜೋರಾಗಿದೆ ಅನ್ನೋದು," ಎಂದ. ಈ ಸಲ ದನಿ ಗೊಗ್ಗರು ಮಾಡಬೇಕಾಗಲಿಲ್ಲ. ತಾನೇ ಹಾಗೆ ಬಂತು.

ದೆಸಾಂಕಾ ಅವನನ್ನು ನೋಡಿದಳು. ಬೆವರು, ಕೆಂಪು ಮುಖ, ರಾಕಿಯಾದ ವಾಸನೆ. ಪಾಪ, ಸಾಹೇಬರಿಗೂ ಹೇಳದೆ ಸಾಯಲು ಹೊರಟಿದ್ದಾನೆ ಎಂದು ಅವಳ ಕಣ್ಣು ತುಂಬಿತು. ಕೆಳಗಿಳಿದವಳೇ ಅಳಿಯನಿಗೆ ಫೋನ್ ಹಚ್ಚಿ, ಬುದಿಮಿರನನ್ನು ತಾನು ಕಣ್ಣಾರೆ ಕಂಡೆ, ಉಳಿದರೆ ದೇವರ ದಯೆ, ಅವನ ಹತ್ತಿರ ಚೀಟಿ ಕೇಳುವವರಿಗೆ ಮನುಷ್ಯತ್ವವಿಲ್ಲ ಎಂದು ಬೈದಳು. ಅಳಿಯ ಆ ಮಾತನ್ನು ಹಾಗೇ ಸಾಹೇಬರಿಗೆ ಮುಟ್ಟಿಸುತ್ತೇನೆ ಎಂದನಂತೆ.

ಸುದ್ದಿ ತಿಳಿದು ಬುದಿಮಿರ್ ಅಂದು ಮೊದಲ ಬಾರಿಗೆ ಪೂರ್ತಿ ಉಸಿರು ಎಳೆದುಕೊಂಡ. ಇನ್ನು ಫೋನ್ ಒಂದು ಸುಮ್ಮನಿದ್ದರೆ ಸಾಕಿತ್ತು. ಅದನ್ನು ಸುಮ್ಮನಿರಿಸುವ ಕೆಲಸವನ್ನು ಎರಡನೆಯ ಮಹಡಿಯ ಮಿಲೆಂತಿಯೆ ಮಾಮ ವಹಿಸಿಕೊಂಡ. ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು. ಕಿಟಕಿಯ ಗಾಳಿ ಫೋನಿಗೂ ಬಡಿದಿದೆ ಎಂದು ಹೇಳಿ, ಗುಂಡಿಗೆ ರಾಕಿಯಾ ಒರೆಸಿ, ತೇವ ಹೀರಲೆಂದು ಜೋಳದ ಹಿಟ್ಟಿನ ಬೋಗುಣಿಯಲ್ಲಿ ಅರ್ಧ ಹೂತು, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ತಂದಿಟ್ಟ. ಆಮೇಲೆ ಗೆರೆ ಕೆಳಗೆ ಇಳಿಯುವುದನ್ನೇ ನಿಲ್ಲಿಸಿತು.

ಆರಕ್ಕೆ ಐದು ನಿಮಿಷವಿರುವಾಗ ಹಿಟ್ಟು ನಡುಗಿತು. ಪರದೆಯ ಮೇಲೆ ಸಾಹೇಬರ ಹೆಸರು. ಸದ್ದು ಕೇಳಿ ಅಂಗಳದವರೆಲ್ಲ ಮೆಟ್ಟಿಲು ಹತ್ತಿ ಬಂದು, ಕಾಯಿಲೆಗೆ ಅಂಜಿ ಬಾಗಿಲಾಚೆ ನಿಂತರು. ಸ್ತಾಮೆನಾ ಸೌಟು ಹಿಡಿದೇ ಬಂದಳು. ಅವಳ ಲಂಗದ ಮರೆಯಿಂದ ನೆವೆನಾ ಒಳಗೆ ನುಸುಳಿದಳು. ಬುದಿಮಿರ್ ಹಿಟ್ಟಿಗೆ ಬೆರಳಿಟ್ಟು ಕರೆ ತೆಗೆದುಕೊಂಡ.

ಸಾಹೇಬರ ದನಿ ಮೃದುವಾಗಿತ್ತು, ಆದರೂ ಕೋಣೆ ತುಂಬಿತು. ವಿಷಯ ತಿಳಿಯಿತು, ಚೀಟಿ ಬೇಡ, ಒಂದು ವಾರ ಮಲಗಿ ಎಂದರು. ಬಾಗಿಲಾಚೆ ದೆಸಾಂಕಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ನಾನೇ ಬಂದು ನೋಡ್ಬೇಕು ಅಂತಿದ್ದೆ ಬುದಿಮಿರ್. ಏನ್ಮಾಡೋದು, ಬೆಳಗ್ಗೆಯಿಂದ ನಿಶ್ ಊರಲ್ಲಿ ಮೀಟಿಂಗು. ಇನ್ನೂ ಮುಗಿದಿಲ್ಲ."

ಆಗ ಸಾಹೇಬರ ಹಿಂದೆ ಎಲ್ಲೋ ದೂರದಲ್ಲಿ ಒಂದು ಹೆಣ್ಣು ದನಿ. ಬೇರೆ ಯಾವ ಫೋನಿನಲ್ಲೂ ಕೇಳುತ್ತಿರಲಿಲ್ಲ. ಈ ಫೋನಿನಲ್ಲಿ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿತು.

"ರೀ, ಮಾತು ಸಾಕು, ಕಲಕ್ರೀ. ತಳ ಹಿಡೀತಾ ಇದೆ. ಈ ಮೆಣಸಿನಕಾಯಿನೆಲ್ಲ ನಾನೊಬ್ಬಳೇ ಕಾಯಿಸ್ಲಾ?"

ಸ್ತಾಮೆನಾ ಅಳಿಯನ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ದೆಸಾಂಕಾ ಕೂಡ, ಹುಟ್ಟಿದಾರಭ್ಯ ಮೊದಲ ಸಲ, ಬಾಯಿ ಮುಚ್ಚಿಕೊಂಡೇ ನಿಂತಳು. ಬುದಿಮಿರನಿಗೆ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಚಿಲಕದ ಕಾರ್ಖಾನೆ ಪೂರ್ತಿಯಾಗಿ ಎದ್ದು ಹೋದಂತಾಯಿತು. ಏನೂ ಕೇಳಿಸದವನಂತೆ ಒಂದು ಕೆಮ್ಮು ಕೆಮ್ಮಿ, ಆಗಲಿ ಸಾಹೇಬ್ರೇ ಎಂದು ಫೋನಿಟ್ಟರೆ ಮುಗಿಯಿತು. ಅವನು ಕೆಮ್ಮಲು ಬಾಯಿ ತೆರೆದ.

ಅಷ್ಟರಲ್ಲಿ ನೆವೆನಾ ಹಿಟ್ಟಿನ ಬೋಗುಣಿಯ ಮೇಲೆ ಬಾಗಿ, ದೊಡ್ಡವರೊಡನೆ ಮಾತಾಡುವಾಗ ಮಾತಾಡಬೇಕಾದಷ್ಟು ಸ್ಪಷ್ಟವಾಗಿ, ವಿನಯವಾಗಿ ಕೇಳಿದಳು.

"ಸಾಹೇಬ್ರೇ, ಮೆಣಸಿನಕಾಯಿ ಸುಲಿಯೋಕೆ ನಮ್ಮಪ್ಪ ಗಂಟಲುನೋವು ಅಂದ್ರು. ಕಲಕೋಕಾದ್ರೆ ಮೀಟಿಂಗು ಅನ್ಬೇಕಾ?"